ಮಿನತಿಯ ಅಕ್ಕನ ವೀಸಾ

ಬಾಂಗ್ಲಾದೇಶದಿಂದ ಬೆಂಗಳೂರಿಗೆ ಹಾರ್ಟ್ ಆಪರೇಷನ್ನಿಗೆಂದು ಬಂದ ಹೆಂಗಸು, ಟೆಸ್ಟುಗಳೆಲ್ಲ ಮುಗಿದು, ಆಪರೇಷನ್ನಿಗೆ ದಿನವೂ ಗೊತ್ತಾದ ಮೇಲೆ, ಡಾಕ್ಟರ ಎದುರು ಕೂತು ‘ನಾನು ಬಂದ ಕೆಲಸ ಆಯಿತು, ಇನ್ನು ಊರಿಗೆ ಹೊರಡುತ್ತೇನೆ’ ಎಂದು ಕೈಮುಗಿದರೆ ಆ ಡಾಕ್ಟರ್ ಏನು ಮಾಡಬೇಕು?

ಪಾಪ, ಅವರು ಮೊದಲು ಫೈಲ್ ನೋಡಿದರು. ಆಮೇಲೆ ಹೆಂಗಸಿನ ಮುಖ ನೋಡಿದರು. ಕೊನೆಗೆ, ಬಂಗಾಳಿಯಿಂದ ಇಂಗ್ಲಿಷಿಗೆ ಹೇಳುತ್ತಿದ್ದ ಆಸ್ಪತ್ರೆಯ ಹುಡುಗಿಯ ಮುಖ ನೋಡಿದರು, ಇವಳೇ ಏನೋ ತಪ್ಪು ಹೇಳುತ್ತಿರಬೇಕು ಎಂಬಂತೆ. ಹುಡುಗಿ ತಪ್ಪೇನೂ ಹೇಳಿರಲಿಲ್ಲ.

ಆ ಕೋಣೆಯಲ್ಲಿ ನಾನೂ ಇದ್ದೆ. ನಾನು ರೋಗಿಯಲ್ಲ, ರೋಗಿಯ ಸಂಬಂಧಿಕಳೂ ಅಲ್ಲ. (ಬಂಗಾಳಿಯಲ್ಲಿ ನನಗೆ ಗೊತ್ತಿರುವುದು ರಸಗುಲ್ಲಾ ಒಂದೇ.) ಮತ್ತೆ ಅಲ್ಲಿ ನನಗೇನು ಕೆಲಸ ಅಂತೀರಾ? ನನ್ನ ಬ್ಲೌಸ್ ಹೊಲಿಯುವ ಮಿನತಿ ಕರೆದಳು, ಹೋದೆ.

ಮಿನತಿ ಸಿಂಧನೂರಿನ ಆರ್.ಎಚ್. ಕ್ಯಾಂಪಿನವಳು. ಬಾಂಗ್ಲಾ ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ ಅಲ್ಲಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನಮ್ಮಲ್ಲಿ ಭೂಮಿ ಕೊಟ್ಟು ಕೂರಿಸಿತಲ್ಲ, ಆ ಕ್ಯಾಂಪು. ಅವಳು ಬಂದಾಗ ಅವ್ವನ ಸೊಂಟದ ಮೇಲಿನ ಕೂಸು. ಈಗ ನೋಡಿದರೆ ಮನೆಯಲ್ಲಿ ಬಂಗಾಳಿ, ಹೊರಗೆ ಅಪ್ಪಟ ಸಿಂಧನೂರಿನ ಬಾಯಿ. ಪ್ರತಿ ಸಲ ನನ್ನ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, “ಟೀಚರ್, ಸಾಲಿ ಹುಡುಗರು ನಿಮಗ ಏನೂ ತಕಲೀಫ್ ಕೊಡಾಕತ್ತಿಲ್ಲ ಬಿಡ್ರಿ” ಅನ್ನುತ್ತಾಳೆ. ಹಿಂದಿನ ಸಲಕ್ಕಿಂತ ದಪ್ಪಗಾಗಿದ್ದೀರಿ ಎನ್ನುವುದನ್ನು ಅವಳು ಹೇಳುವ ರೀತಿ ಅದು.

ಅವಳ ಅಕ್ಕ ಶೆಫಾಲಿ. ಇವರೆಲ್ಲ ಗಡಿ ದಾಟುವಾಗ ಶೆಫಾಲಿಗೆ ಆಗಲೇ ಮದುವೆಯಾಗಿತ್ತು. ಗಂಡನ ಮನೆಯವರು ಊರು ಬಿಡಲಿಲ್ಲ, ಹಾಗಾಗಿ ಅವಳೂ ಅಲ್ಲೇ ಉಳಿದಳು. ಎಷ್ಟೋ ವರ್ಷ ಕಾಗದವೂ ಇಲ್ಲ, ಸುದ್ದಿಯೂ ಇಲ್ಲ. ಮೊಬೈಲ್ ಬಂದ ಮೇಲೆ ಯಾರದೋ ನೆಂಟರ ಮೂಲಕ ನಂಬರ್ ಸಿಕ್ಕಿತು. ಅಲ್ಲಿಂದ ದಿನಾ ವಿಡಿಯೋ ಕಾಲ್. ಇವಳು ಇಲ್ಲಿ ಗುಂಡಿ ಹಚ್ಚುತ್ತಾ, ಅವಳು ಅಲ್ಲಿ ಮೀನು ಹೆಚ್ಚುತ್ತಾ ಮಾತಾಡುವುದು.

ಬಂದು ಹೋಗುವುದು ಮಾತ್ರ ಆಗಲಿಲ್ಲ. ಮಿನತಿ ಒಮ್ಮೆ ಪಾಸ್‌ಪೋರ್ಟ್ ಮಾಡಿಸಲು ಹೋಗಿದ್ದಳು. ಹುಟ್ಟಿದ್ದು ಎಲ್ಲಿ ಎಂದು ಕೇಳಿದರು, ಇವಳು ಇದ್ದದ್ದು ಇದ್ದಂಗೆ ಹೇಳಿದಳು, ಕೆಲಸ ಅಲ್ಲಿಗೇ ನಿಂತಿತು. ಅತ್ತ ಅಕ್ಕ, ತಂಗಿಯನ್ನು ನೋಡಿ ಬರುತ್ತೇನೆಂದು ಅರ್ಜಿ ಹಾಕಿದರೆ ಬರೀ ನೋಡುವುದಕ್ಕೆಲ್ಲ ಈಗ ವೀಸಾ ಇಲ್ಲ ಅಂದರಂತೆ. ಅಷ್ಟರಲ್ಲಿ ಅವಳ ಹಾರ್ಟಿನ ವಾಲ್ವ್ ಕೈಕೊಟ್ಟಿತು. ಬ್ಯಾಂಕಾಕ್, ಸಿಂಗಾಪುರ ಎಲ್ಲ ನಮ್ಮಂಥವರಿಗಲ್ಲ, ಬೆಂಗಳೂರಿನಲ್ಲಿ ಕಡಿಮೆ ಖರ್ಚಿನಲ್ಲಿ ಅಷ್ಟೇ ಚೆನ್ನಾಗಿ ಮಾಡುತ್ತಾರೆ ಎಂದು ಅಲ್ಲಿನವರು ಹೇಳಿದರು. ಮಗ ತಪನ್ ಕಾಯಿಲೆಯ ಕಾಗದಗಳನ್ನು ತೋರಿಸಿ ಅರ್ಜಿ ಹಾಕಿದ. ಚಿಕಿತ್ಸೆಗೆಂದರೆ ವೀಸಾ ಸಿಕ್ಕಿತು.

ಈ ಸುದ್ದಿಯನ್ನು ನಾನು ಕೆಲಸ ಮಾಡುವ ಮಸ್ಕಿಯ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಾಗ, ಗುರುಗುಂಟಾದಿಂದ ಬೈಕಿನಲ್ಲಿ ಬರುವ ನಮ್ಮ ಪಿ.ಟಿ. ಮಾಸ್ತರರು ಚಹಾ ಲೋಟ ಕೆಳಗಿಟ್ಟರು. “ಫಾರಿನ್ ಮಂದಿ ನಮ್ಮ ದವಾಖಾನಿಗೆ ಬರ್ತಾರೇನ್ರಿ? ನಾವು ಬೆಂಗಳೂರಿಗೆ ಒಯ್ಯಿರಿ ಅಂದ್ರ ಅರ್ಧ ಜೀವ ಆಗ್ತೀವಿ.”

ಮಾತು ಸುಳ್ಳಲ್ಲ. ಲಿಂಗಸುಗೂರಿನ ನನ್ನ ತವರಿನಲ್ಲಿ ಈಗಲೂ ಯಾರನ್ನಾದರೂ ಬೆಂಗಳೂರಿಗೆ ಕರೆದೊಯ್ದರೆಂದರೆ ಓಣಿಯ ಹೆಂಗಸರು ದನಿ ತಗ್ಗಿಸುತ್ತಾರೆ. ನಮಗೆ ಹೆದರಿಕೆ ಹುಟ್ಟಿಸುವ ಊರು ಇನ್ಯಾರಿಗೋ ಭರವಸೆಯ ಫಾರಿನ್ ಆಗಿರುತ್ತದೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು?

ಹೋಗಿ ನೋಡಿದರೆ ಆಸ್ಪತ್ರೆಯ ಹಿಂದಿನ ರಸ್ತೆ ಬೆಂಗಳೂರೇ ಅಲ್ಲ. ಲಾಡ್ಜುಗಳ ಬೋರ್ಡು ಬಂಗಾಳಿಯಲ್ಲಿ, ಮೆಡಿಕಲ್ ಶಾಪಿನ ಬೋರ್ಡು ಬಂಗಾಳಿಯಲ್ಲಿ, ಊಟದ ಹೋಟೆಲಿನಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಕರಿದ ವಾಸನೆ. ಮಿನತಿ ನನ್ನ ಕೈ ಹಿಡಿದು, “ನಮ್ಮ ಕ್ಯಾಂಪಿನಂಗ ಐತಲ್ರಿ” ಅಂದಳು. ಬಸ್ ಹತ್ತಿದಾಗಿನಿಂದ ಅವಳು ಆಡಿದ ಮೊದಲ ಮಾತದು.

ಲಾಡ್ಜಿನ ಕೋಣೆಯ ಬಾಗಿಲು ತೆರೆದಾಗ ಅಳು, ಅಪ್ಪುಗೆ ಎಲ್ಲ ಇರುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೆ. ಅಂಥದ್ದೇನೂ ಆಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಿನತಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. “ಮೊಬೈಲನ್ಯಾಗ ಮುಖ ಅಷ್ಟ ಕಾಣ್ತಿತ್ತು ಟೀಚರ್. ಇಷ್ಟ ಸಣ್ಣಾಕಿ ಅದಾಳಂತ ನನಗ ಗೊತ್ತ ಇರಲಿಲ್ಲ.”

ನಿಜ. ಎಂಟನೇ ಕ್ಲಾಸಿನ ಹುಡುಗಿಯಷ್ಟೇ ಇದ್ದಳು ಶೆಫಾಲಿ. ತಂಗಿಯ ಮೊಣಕೈಯನ್ನು ಹಿಡಿದವಳು ಬಿಡಲೇ ಇಲ್ಲ. ಚಹಾ ಕುಡಿಯುವಾಗಲೂ ಒಂದೇ ಕೈಯಲ್ಲಿ ಕುಡಿದಳು.

ಮಿನತಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಹಾರ್ಟ್ ಪೇಷಂಟಿಗೆ ಇದೆಂಥದ್ದು ಮಾರಾಯ್ತಿ ಎಂದು ನಾನು ಗದರಿದೆ. ತಪನ್ ಚಟ್ನಿಯನ್ನು ದೂರ ಸರಿಸಿದ. ಶೆಫಾಲಿ ಬರೀ ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದಳು. ನಂತರ ಏನೋ ಕೇಳಿದಳು. ಮಿನತಿ ತಲೆ ಆಡಿಸಿ ಉತ್ತರ ಕೊಟ್ಟು ನನಗೂ ಹೇಳಿದಳು. “ಅವ್ವ ಇದನ್ನ ತಿಂತಿದ್ಲೇನು ಅಂತ ಕೇಳಾಕತ್ತಾಳ್ರಿ. ಮೊದಮೊದಲು ಗಂಟಲಾಗ ಇಳೀತಿರಲಿಲ್ಲ, ಕಡೀಕಡೀಗೆ ಅನ್ನ ಬಿಟ್ಟು ಇದನ್ನ ಕೇಳ್ತಿದ್ಲು ಅಂತ ಹೇಳೀನಿ.” ಶೆಫಾಲಿ ಇನ್ನೊಂದು ಚೂರು ಮುರಿದಳು. ಅವಳು ಅವ್ವನನ್ನು ಕೊನೆಗಾಲದಲ್ಲಿ ನೋಡಿರಲಿಲ್ಲ. ಅವ್ವ ತೀರಿಕೊಂಡ ಸುದ್ದಿಯೇ ಅವಳಿಗೆ ವರ್ಷಗಳ ನಂತರ ತಲುಪಿತ್ತು. ಅವ್ವನ ಬಾಯಿಯ ರುಚಿಯನ್ನಾದರೂ ಈಗ ತಿಳಿದುಕೊಳ್ಳುತ್ತಿದ್ದಳು. ನಾನು ಗದರಿದ್ದಕ್ಕೆ ನನಗೇ ಬೇಜಾರಾಯಿತು.

ಇದಾದ ಮೇಲೆ ಬಂದದ್ದೇ ಡಾಕ್ಟರ ಕೋಣೆಯ ಆ ಮಾತು. ತಂಗಿಯನ್ನು ನೋಡಿದೆ, ಮುಟ್ಟಿದೆ, ಅವಳ ಕೈಯ ಊಟ ಉಂಡೆ, ಈ ವಯಸ್ಸಿನಲ್ಲಿ ಎದೆ ಸೀಳಿಸಿಕೊಂಡು ಏನಾಗಬೇಕು, ಬಂದ ಕೆಲಸ ಆಯಿತು. ಇಷ್ಟೇ ಅವಳ ವಾದ. ಆಪರೇಷನ್ ಇಲ್ಲದಿದ್ದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರ್ ಹೇಳಿದರು. ಗೊತ್ತು ಎಂದಳು. ಅಂದರೆ ಊರು ಬಿಡುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು ಈ ಸಣ್ಣ ಹೆಂಗಸು! ಮಗನಿಗೂ ಹೇಳಿರಲಿಲ್ಲ. ಕಾಯಿಲೆಯನ್ನು ಟಿಕೆಟ್ ಮಾಡಿಕೊಂಡು ತಂಗಿಯ ಹತ್ತಿರ ಬಂದಿದ್ದಳು.

ಕಾರಿಡಾರಿಗೆ ಬಂದು ಕೂತೆವು. ತಪನ್ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ. ಆಗ ಮಿನತಿಗೆ ಸಿಟ್ಟು ನೆತ್ತಿಗೇರಿತು ನೋಡಿ.

“ಏನ್ ಬುದ್ಧಿ ಐತಿ ಬೇ ನಿನಗ? ನಿನ್ನ ಕೆಲಸ ಆತಂತ, ನಿನ್ನ ಕೆಲಸ. ನನ್ನ ಕೆಲಸ ಆಗೈತೇನು? ನಾ ನಿನ್ನ ಕೈ ಹಿಡದು ಇನ್ನಾ ಒಂದು ವಾರ ಆಗಿಲ್ಲ. ಅವ್ವ ಸತ್ತಾಗ ನಿನಗ ಬರಾಕಾಗಲಿಲ್ಲ. ನೀ ಸತ್ತರ ನನಗ ಬರಾಕಾಗೂದಿಲ್ಲ. ನಿನ್ನ ಹೆಣಾನೂ ಮೊಬೈಲನ್ಯಾಗ ನೋಡ್ಲೇನು ನಾ? ಅದಕ್ಕ ನೀ ಸಾಯಬಾರ್ದು, ಅಷ್ಟ.”

ಇಷ್ಟನ್ನೂ ಅವಳು ಬೈದದ್ದು ಕನ್ನಡದಲ್ಲಿ. ಗಂಡ, ಮಕ್ಕಳು, ಹೊಲಿಗೆಗೆ ಬರುವ ಗಿರಾಕಿಗಳು, ಎಲ್ಲರನ್ನೂ ಅವಳು ಜೀವಮಾನವಿಡೀ ಬೈದದ್ದು ನಮ್ಮ ಭಾಷೆಯಲ್ಲೇ. ಸಿಟ್ಟಿಗೆ ಬೇರೆ ಭಾಷೆಯೇ ಇಲ್ಲ ಅವಳ ಹತ್ತಿರ. ಶೆಫಾಲಿಗೆ ಒಂದಕ್ಷರ ತಿಳಿಯಲಿಲ್ಲ. ಏನಂದಳು ಎಂದು ಮಗನನ್ನು ಕೇಳಿದಳು. ಅವನಿಗೂ ತಿಳಿದಿರಲಿಲ್ಲ. ಮಿನತಿಯೋ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದಳು. ಬಂಗಾಳಿಯಲ್ಲಿ ಹೇಳೇ ಎಂದರೆ ತಲೆ ಅಲ್ಲಾಡಿಸಿದಳು.

ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ನಮ್ಮ ರಾಯಚೂರು ಸೀಮೆಯ ಹಿಂದಿಯಲ್ಲಿ, ಸಿನಿಮಾ ನೋಡಿ ಅಷ್ಟಿಷ್ಟು ಹಿಂದಿ ಕಲಿತಿದ್ದ ತಪನ್‌ಗೆ ಹೇಳಿದೆ. ಅವನು ಬಂಗಾಳಿಯಲ್ಲಿ ತಾಯಿಗೆ ಹೇಳಿದ. (ಹೆಣದ ಮಾತು ಬಿಟ್ಟುಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಬಿಡಲಿಲ್ಲ. ಅವಳು ಅಷ್ಟು ಕಷ್ಟಪಟ್ಟು ಆಡಿದ ಮಾತನ್ನು ಕತ್ತರಿಸಲು ನಾನ್ಯಾರು?) ಪಕ್ಕಪಕ್ಕದಲ್ಲಿ ಕೂತ ಅಕ್ಕತಂಗಿಯರ ನಡುವಿನ ಮಾತು ಹೀಗೆ ನಮ್ಮಿಬ್ಬರ ಬಾಯಿ ಸುತ್ತಿಕೊಂಡು ತಲುಪಿತು. ‘ನನ್ನ ಕೆಲಸ ಆಗಿಲ್ಲ’ ಎನ್ನುವುದನ್ನು ನಾನು ಎರಡು ಸಲ ಹೇಳಿದೆ. ತಪನ್ ಅದನ್ನು ಬಂಗಾಳಿಯಲ್ಲೂ ಎರಡು ಸಲ ಹೇಳಿದ.

ಶೆಫಾಲಿ ಪೂರ್ತಿ ಕೇಳಿದಳು. ತಂಗಿಯ ಮುಖದ ಮೇಲಿನ ಸೆರಗನ್ನು ಎಳೆದು ತೆಗೆದಳು. “ನಾನು ಇವಳನ್ನು ಬಿಟ್ಟಾಗ ಇವಳಿಗೆ ಮಾತೇ ಬಂದಿರಲಿಲ್ಲ” ಎಂದಳಂತೆ. “ಈಗ ನೋಡು, ಎಷ್ಟು ಮಾತಾಡುತ್ತಾಳೆ.” ಆಮೇಲೆ ಮಗನಿಗೆ, ಒಳಗೆ ಹೋಗಿ ಡಾಕ್ಟರಿಗೆ ಆಗಲಿ ಎಂದು ಹೇಳು ಅಂದಳು.

ಆಪರೇಷನ್ ಚೆನ್ನಾಗಿ ಆಯಿತು. ನಾನು ರಜೆ ಮುಗಿದು ಮಸ್ಕಿಗೆ ಓಡಿ ಬಂದಿದ್ದೆ. ಮಿನತಿ ಅಲ್ಲೇ ಉಳಿದಳು. ವಾರ್ಡಿಗೆ ಬಿಟ್ಟ ದಿನ ಫೋನ್ ಮಾಡಿ, “ಹೊಲಿಗಿ ನೋಡಿದೆ ಟೀಚರ್. ಚಂದ ಹಾಕ್ಯಾರ, ಆದ್ರೂ ನನ್ನ ಕೈಗೆ ಸಮ ಬರಂಗಿಲ್ಲ” ಎಂದು ವರದಿ ಕೊಟ್ಟಳು. ಅವಳು ಅಕ್ಕನ ತಲೆ ಬಾಚಿದಳು, ಗಂಜಿ ಕುಡಿಸಿದಳು, ಉಪ್ಪು ಕೇಳಿದರೆ ಬೈದಳು. ಮುಟ್ಟದೆ ಕಳೆದ ವರ್ಷಗಳನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಂಡಳು ಎನ್ನಬೇಕು.

ಅವರು ಹೊರಡುವ ವಾರ ನಾನು ಮತ್ತೆ ಹೋದೆ, ಮಿನತಿಯನ್ನು ಕರೆತರಲು. ಕೊನೆಯ ಸಲ ತೋರಿಸಲು ಎಲ್ಲರೂ ಅದೇ ಡಾಕ್ಟರ ಎದುರು ಕೂತೆವು. ಅವರು ಸ್ಕ್ಯಾನ್ ನೋಡಿ ಮುಖ ತುಂಬಾ ನಕ್ಕರು. ಎಲ್ಲ ಸರಿಯಾಗಿದೆ, ಇನ್ನು ಚೆಕಪ್ಪೆಲ್ಲ ನಿಮ್ಮ ಊರಲ್ಲೇ ಸಾಕು, ಇಷ್ಟು ದೂರ ಬರುವ ಅಗತ್ಯವೇ ಇಲ್ಲ ಎಂದರು. ತಪನ್ ಅವರ ಕಾಲಿಗೆ ಬಿದ್ದ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಮಿನತಿ ಮಾತ್ರ ಅಕ್ಕನ ಫೈಲಿನ ದಾರ ಬಿಚ್ಚಿ ಕಟ್ಟುತ್ತಾ ಕೂತಿದ್ದಳು. ಸುಸ್ತಾಗಿರಬೇಕು ಅಂದುಕೊಂಡೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಶೆಫಾಲಿಯನ್ನು ವೀಲ್‌ಚೇರಿನಲ್ಲಿ ಒಳಗೆ ಒಯ್ದರು. ಟಿಕೆಟ್ ಇಲ್ಲದವರು ಗಾಜಿನ ಈಚೆಯೇ ನಿಲ್ಲಬೇಕು. ಅವಳು ತಿರುಗಿ ತಿರುಗಿ ನೋಡಿದಳು. ಮಿನತಿ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು.

ಊರಿಗೆ ಬರುವ ಬಸ್ಸು ಸಿರುಗುಪ್ಪ ದಾಟಿ, ಎರಡೂ ಕಡೆ ಭತ್ತದ ಗದ್ದೆ ಶುರುವಾದ ಮೇಲೆ ಅವಳು ಬಾಯಿ ಬಿಟ್ಟಳು.

“ಟೀಚರ್, ಡಾಕ್ಟರ್ ಆಕೀನ ಪೂರಾ ಆರಾಮ ಮಾಡಿಬಿಟ್ರಲ್ರಿ. ಇನ್ನ ಆಕಿ ಏನಂತ ಹೇಳಿ ಬರಬೇಕು?”