ಹೊಸ್ತಿಲೊಳಗೆ ಬಿದ್ದರೆ ಕೇಸಿಲ್ಲ

ನಮ್ಮ ಹೋಬಳಿಯಲ್ಲಿ ಬಂದೂಕು ಇಟ್ಟುಕೊಂಡವರಿಗೆಲ್ಲ ಒಂದು ಕಾನೂನು ಬಾಯಿಪಾಠ ಬರುತ್ತದೆ. ಕಳ್ಳ ಹೊಸ್ತಿಲೊಳಗೆ ಬಿದ್ದರೆ ಕೇಸಿಲ್ಲ, ಹೊರಗೆ ಬಿದ್ದರೆ ಕಾಲು ಹಿಡಿದು ಒಳಗೆ ಎಳೆದುಕೋ. ಯಾವ ಪುಣ್ಯಾತ್ಮ ಇದನ್ನು ಹುಟ್ಟಿಸಿದನೋ, ಅವನ ನಾಲಿಗೆ ಸೇದಿಹೋಗಲಿ. ಹೊಸಕೋಟೆಯಲ್ಲಿ ವಕೀಲಿಕೆ ಮಾಡುವ ನನಗೆ ಇದು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಆದ್ದರಿಂದಲೇ, ಲೈಸೆನ್ಸ್ ಇರುವವರಿಗೆ ಆತ್ಮರಕ್ಷಣೆಯ ಕಾನೂನು ಹೇಳಿಕೊಡಿ ಎಂದು ಅನುಗೊಂಡನಹಳ್ಳಿಗೆ ಕರೆದಾಗ ಎರಡು ಮಾತಾಡದೆ ಒಪ್ಪಿಕೊಂಡೆ. ಅದು ನನ್ನ ತವರಿನ ಹೋಬಳಿ ಬೇರೆ.

ಸಮುದಾಯ ಭವನದಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನನ್ನನ್ನು ಲಂಗ ಜಾಕೀಟಿನಲ್ಲಿ ನೋಡಿದವರು. ಅಣ್ಣನೂ ಬಂದಿದ್ದ. ರಾಗಿ ಹೊಲಕ್ಕೆ ಹಂದಿ ಕಾಟವೆಂದು ಅಪ್ಪ ಕೊಂಡಿದ್ದ ಜೋಡಿ ನಳಿಗೆಯ ಬಂದೂಕು ಈಗ ಅವನ ಹೆಸರಿನಲ್ಲಿದೆ.

ನಾನು ಬಿಡಿಸಿ ಬಿಡಿಸಿ ಹೇಳಿದೆ. ಪ್ರಾಣಕ್ಕೆ ಅಪಾಯ ಬಂದರೆ ಕಾಪಾಡಿಕೊಳ್ಳುವ ಹಕ್ಕು ನಿಮಗಿದೆ, ಆದರೆ ಎಷ್ಟು ಬೇಕೋ ಅಷ್ಟೇ. ಓಡುವವನ ಬೆನ್ನಿಗೆ ಹೊಡೆಯುವಂತಿಲ್ಲ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಕರೆಯಬೇಕು. ಸೈಟು ವ್ಯಾಪಾರದ ಒಬ್ಬ ಹುಡುಗ ಫೋನಿನಲ್ಲಿ ಏನೋ ನೋಡಿ ಬಂದಿದ್ದ. ಬಂದೂಕು ಅನ್ನುವುದು ಜನರ ಹಕ್ಕಂತೆ, ಅಮೆರಿಕದ ಸಂವಿಧಾನದಲ್ಲೇ ಬರೆದಿದ್ದಾರಂತೆ ಎಂದ. ಇದು ಅಮೆರಿಕ ಅಲ್ಲಪ್ಪ, ಅನುಗೊಂಡನಹಳ್ಳಿ ಹೋಬಳಿ ಎಂದೆ. ನಮ್ಮ ಸಂವಿಧಾನ ಕೊಟ್ಟಿರುವುದು ಬದುಕುವ ಹಕ್ಕು, ಬಂದೂಕಿಗೆ ಸರ್ಕಾರ ಕೊಡುವುದು ಬರೀ ಅನುಮತಿ, ಬೇಕಾದಾಗ ಕಿತ್ತುಕೊಳ್ಳುತ್ತದೆ ಎಂದೆ. ಯಾರ ಮುಖದಲ್ಲೂ ಖುಷಿ ಕಾಣಲಿಲ್ಲ.

ಆಗ ಅಣ್ಣ ಎದ್ದು ನಿಂತು, ರಾತ್ರಿ ಹೊತ್ತು ಮನೆಯೊಳಕ್ಕೆ ನುಗ್ಗಿದವನನ್ನು ಹೊಡೆದರೆ ಏನಾಗುತ್ತದೆ ಎಂದು ಕೇಳಿದ. ಒಡಹುಟ್ಟಿದವನು ಕಿವಿಗೊಟ್ಟು ಕೇಳುತ್ತಿದ್ದಾನಲ್ಲ ಎಂದು ನನಗೆ ಹೆಮ್ಮೆ. ಬಾಗಿಲು ಮುರಿದು ನುಗ್ಗಿದ್ದರೆ, ಜೀವ ಹೋಗುತ್ತದೆ ಎಂಬ ಭಯ ನಿಜವಾಗಿದ್ದರೆ, ಬೇರೆ ದಾರಿಯೇ ಇಲ್ಲದಿದ್ದರೆ ಕಾನೂನು ನಿಮ್ಮ ಕಡೆ ನಿಲ್ಲಬಹುದು ಎಂದೆ. ಅವನು ತಲೆಯಾಡಿಸಿ ಕೂತ. ಅಷ್ಟೊಂದು 'ಇದ್ದರೆ'ಗಳನ್ನು ಅವನು ಅಲ್ಲೇ ಉಗಿದುಬಿಟ್ಟಿದ್ದ, ನನಗೆ ತಿಳಿಯಲಿಲ್ಲ.

ಅಣ್ಣನಿಗೆ ಒಬ್ಬಳೇ ಮಗಳು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವಳು ಜೊತೆಗೆ ಕೆಲಸ ಮಾಡುವ ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆ ಮಾಡಿಕೊಂಡಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಹೀಗಿರುವಾಗ ಯುಗಾದಿಗೆ ಮುಂಚೆ ಅತ್ತಿಗೆ ಫೋನ್ ಮಾಡಿದರು. ನಿಮ್ಮಣ್ಣನೇ ಮಗಳಿಗೆ ಫೋನ್ ಮಾಡಿ ಅಳಿಯನನ್ನು ಹಬ್ಬದ ಮರುದಿನ ಹೊಸತೊಡಕಿನ ಬಾಡೂಟಕ್ಕೆ ಕರೆದಿದ್ದಾರೆ ಎಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತಿಗೆ ಮಾತು ಮುಂದುವರಿಸಿದರು. ಊರವರ ಕಣ್ಣಿಗೆ ಬೀಳದ ಹಾಗೆ ಕತ್ತಲಾದ ಮೇಲೆ ಬರಲಿ, ಹಿತ್ತಲ ಬಾಗಿಲಿಂದ ಬರಲಿ, ಮೊದಲು ಅವನೊಬ್ಬನೇ ಬರಲಿ ಅಂದಿದ್ದಾರಂತೆ. ಬಂದೂಕು ಯಾಕೋ ಬೀರುವಿನಿಂದ ಈಚೆಗೆ ಬಂದಿದೆ, ಹಂದಿ ಕಾಟವಂತೆ.

ಯುಗಾದಿಯಲ್ಲಿ ಎಲ್ಲಿಯ ರಾಗಿ, ಎಲ್ಲಿಯ ಹಂದಿ? ಹೊಲದಲ್ಲಿ ಕೊಯ್ದುಳಿದ ಕೂಳೆ ಕೂಡ ಇರುವುದಿಲ್ಲ. ರಾತ್ರಿ, ಮನೆಯೊಳಗೆ, ಹಿತ್ತಲ ಬಾಗಿಲಿಂದ. ನಾನು ಹೇಳಿಕೊಟ್ಟ ಪಾಠವನ್ನೇ ಅಣ್ಣ ಬಲೆ ಮಾಡಿ ಹೆಣೆದಿದ್ದ.

ಹಬ್ಬದ ಬೆಳಿಗ್ಗೆಯೇ ಹೋದೆ. ಅಣ್ಣ ಜಗುಲಿಯ ಮೇಲೆ ಹೊಸ ಪಂಚೆ ಉಟ್ಟು ಕೂತಿದ್ದ. ಬೇವು ಬೆಲ್ಲ ತಂದುಕೊಟ್ಟ ಅತ್ತಿಗೆಯನ್ನು ಒಳಕ್ಕೆ ಕಳಿಸಿ, ಅಳಿಯನನ್ನು ಕರೆದಿರುವುದು ಕೊಲ್ಲುವುದಕ್ಕಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಇಲ್ಲವೆನ್ನುತ್ತಾನೆ, ರೇಗುತ್ತಾನೆ ಎಂದುಕೊಂಡಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

"ಆತ್ಮರಕ್ಷಣೆ ಆತ್ಮರಕ್ಷಣೆ ಅಂತ ಬಾಯಿ ಬಡ್ಕೊಂಡ್ಯಲ್ಲಮ್ಮ ಅವತ್ತು. ನಂಗೆ ಆತ್ಮ ಅಂದ್ರೆ ಮಾನ. ಅದನ್ನ ಕಾಯ್ಕೋಬಾರ್ದಾ?"

ಥೂ! ಮಾನವಂತೆ. ಮಗಳ ತಾಳಿಗೆ ಗುರಿಯಿಟ್ಟು ಕೂತವನಿಗೆ ಮಾನ. ಅಪ್ಪನ ಸಮಾನನಾದ ಅಣ್ಣನಿಗೆ ಅಲ್ಲಿಯತನಕ ನಾನು ಒಂದು ಸಲವೂ ಎದುರು ಮಾತಾಡಿರಲಿಲ್ಲ.

"ಕರೆಸ್ಕೊಂಡು ಬಂದೋನು ಕಳ್ಳ ಅಲ್ಲ ಕಣಣ್ಣ, ನೆಂಟ" ಅಂದೆ. "ಆ ಹುಡುಗನಿಗೇನಾದ್ರೂ ಆದ್ರೆ ಮೊದಲ್ನೇ ಸಾಕ್ಷಿ ನಾನೇ. ಕಟಕಟೆ ಹತ್ತಿ ನಿನ್ ಹೆಸರು ಹೇಳ್ತೀನಿ."

ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ. ತುಳಿಯುವ ಆಸೆ ನನಗೂ ಉಳಿದಿರಲಿಲ್ಲ. ಅಲ್ಲಿಂದ ನೇರ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಹಬ್ಬದ ದಿನ ಇದೆಲ್ಲ ಯಾಕೆ ಮೇಡಂ, ಮನೆ ವಿಷಯ ಮನೆಯಲ್ಲೇ ಬಗೆಹರಿಸಿಕೊಳ್ಳಿ ಎಂದು ಅಲ್ಲಿದ್ದವರು ರಾಗ ಎಳೆದರು. ಬಂದೂಕು ಠಾಣೆಗೆ ಬರುವವರೆಗೂ ಬೆಂಚು ಬಿಟ್ಟು ಏಳುವುದಿಲ್ಲ ಎಂದು ಕೂತೆ. ಮಧ್ಯಾಹ್ನ ದಾಟಿದ ಮೇಲೆ ಬಂತು. ಊರಿನಲ್ಲಿ ಈಗಲೂ ನನ್ನನ್ನು ತವರು ಮುರಿದವಳು ಅನ್ನುತ್ತಾರೆ. ಅನ್ನಲಿ.

ಅವತ್ತು ಬಂದೂಕೇನೋ ಠಾಣೆ ಸೇರಿತು, ಆದರೆ ಅಣ್ಣನ ಮನೆಯಲ್ಲಿ ಮಚ್ಚಿದೆ, ಕುಡುಗೋಲಿದೆ, ಅವಕ್ಕೆ ಲೈಸೆನ್ಸ್ ಬೇಕಿಲ್ಲ. ಹುಡುಗ ಅಲ್ಲಿಗೆ ಕಾಲಿಡಲೇಬಾರದು. ಠಾಣೆಯ ಮುಂದಿನ ಹೊಂಗೆಮರದಡಿ ನಿಂತು ಅಣ್ಣನ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. ಗಂಡನಿಗೆ ಹೊಸ ಷರಟು ತಂದಿದ್ದಾಳಂತೆ, ಬೇಗ ಊಟ ಮುಗಿಸಿ ಎದ್ದುಬಿಡಬೇಡ, ಬಡಿಸುವವರಿಗೆ ಬೇಜಾರಾಗುತ್ತದೆ ಎಂದು ಅವನಿಗೆ ಹೇಳಿಕೊಟ್ಟಿದ್ದಾಳಂತೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಫೋನಲ್ಲಿ ಅಪ್ಪ ಅತ್ತುಬಿಟ್ರು ಅತ್ತೆ. ಅದೂ ಸುಳ್ಳಾ?"

ನಮ್ಮಪ್ಪ ತೀರಿಕೊಂಡಾಗಲೂ ಅಣ್ಣ ಅತ್ತವನಲ್ಲ. ಸುಳ್ಳು ಅಳು ಅವನಿಗೆ ಬರುವುದಿಲ್ಲ, ನನಗೆ ಗೊತ್ತಿತ್ತು.

"ಅದೂ ಸುಳ್ಳೇ ಕಣೆ" ಅಂದೆ. "ಬರ್ಬೇಡಿ."