ಅರ್ಧ ಹೊಲಿದ ಆರು ಕೌದಿ

ಅವರ ಬಲಗೈ ನಡುಬೆರಳಿನ ತುದಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು. ಎಷ್ಟೋ ವರ್ಷ ಸೂಜಿಯ ಬುಡವನ್ನು ಒತ್ತಿ ಒತ್ತಿ ಆದದ್ದು. ಒಲೆಯ ಮೇಲಿನ ಹಾಲು ಬಿಸಿಯಾಯಿತೇ ಎಂದು ನೋಡಲು ಆ ಬೆರಳನ್ನೇ ಅದ್ದಿ, ಏನೂ ಗೊತ್ತಾಗದೆ, ಆಮೇಲೆ ಪಕ್ಕದ ಬೆರಳು ಅದ್ದಿ ‘ಅಯ್ಯಪ್ಪಾ’ ಎನ್ನುತ್ತಿದ್ದರು. ದಿನವೂ ಹೀಗೇ.

ಹೊಳೆನರಸೀಪುರದ ಹೈಸ್ಕೂಲಿಗೆ ನಾನು ಗಣಿತದ ಟೀಚರಾಗಿ ಬಂದಾಗ ಅವರು ನನ್ನ ಬಾಡಿಗೆ ಮನೆಯ ಎದುರುಮನೆಯವರು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಶಾಂತಿಗ್ರಾಮಕ್ಕೆ ಕೊಟ್ಟಿದ್ದರು. ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಎರಡು ದಿನ ‘ಮೇಷ್ಟ್ರಮ್ಮ’ ಎಂದು, ಮೂರನೆಯ ದಿನ ‘ಬಾರವ್ವ’ ಎಂದರು.

ಅವರ ಮನೆಯೊಳಗೆ ಮೊದಲು ಕಾಲಿಟ್ಟಾಗ ಕಂಡದ್ದು ಗೋಡೆಗೆ ಸಾಲಾಗಿ ಒರಗಿಸಿದ ಆರು ಗಂಟುಗಳು. ಒಂದೊಂದರಲ್ಲೂ ಒಂದೊಂದು ಕೌದಿ. ಯಾವುದೂ ಮುಗಿದಿರಲಿಲ್ಲ. ಒಂದು ಅರ್ಧ ಆಗಿತ್ತು, ಒಂದು ಮುಕ್ಕಾಲು, ಒಂದರಲ್ಲಿ ಬರೀ ಕತ್ತರಿಸಿದ ತುಂಡುಗಳು. ಜನ ತಮ್ಮ ಮನೆಯ ಹಳೇ ಸೀರೆ, ಪಂಚೆ, ಮಕ್ಕಳ ಲಂಗ ತಂದುಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲಂತೂ ಸುತ್ತಲಿನ ಊರುಗಳಿಂದಲೂ ಬರತೊಡಗಿದರು. ಗಂಟುಗಳಿಗೆ ದೊಡ್ಡಮ್ಮ ಊರಿನ ಹೆಸರನ್ನೇ ಇಟ್ಟಿದ್ದರು.

“ಅಳ್ಳಿಮೈಸೂರು ಇನ್ನೊಂದು ವಾರದ ಕೆಲಸ ಐತೆ. ಆಸನಕ್ಕೆ ಇನ್ನೂ ಅಂಚೇ ಇಲ್ಲ. ಚನ್ರಾಯ್ಪಟ್ಣಕ್ಕೆ ಒಂದು ಚೂರು ಕೆಂಪು ಬಟ್ಟೆ ಬೇಕಾಗಿತ್ತು ನೋಡು.”

ಬೆಳಿಗ್ಗೆ ಕಾಫಿ ಕುಡಿದು ಗಂಟುಗಳ ಮುಂದೆ ನಿಂತು, ಸೊಂಟಕ್ಕೆ ಕೈಕೊಟ್ಟು, ‘ಇವತ್ತು ಯಾರಪ್ಪಾ?’ ಎಂದು ಕೇಳುವರು. ಮನಸ್ಸಿಗೆ ಬಂದದ್ದನ್ನು ಬಿಚ್ಚುವರು. ಮಧ್ಯಾಹ್ನದ ಹೊತ್ತಿಗೆ ಅದನ್ನು ಕಟ್ಟಿಟ್ಟು ಇನ್ನೊಂದು.

ನನಗೆ ಇದನ್ನು ನೋಡಿದರೆ ಕೈ ಕಡಿಯುತ್ತಿತ್ತು. ಒಂದು ಲೆಕ್ಕ ಮುಗಿಸದೆ ಇನ್ನೊಂದಕ್ಕೆ ಹೋಗಬಾರದೆಂದು ಮಕ್ಕಳಿಗೆ ಹೇಳುವವಳು ನಾನು. ಒಂದು ಭಾನುವಾರ ಕೂತು, ಯಾವ ಕೌದಿ ಯಾವ ವಾರ ಮುಗಿಯಬೇಕೆಂದು ದಪ್ಪ ಹಾಳೆಯಲ್ಲಿ ಗೆರೆ ಹಾಕಿ ಟೈಮ್‌ಟೇಬಲ್ ಬರೆದುಕೊಟ್ಟೆ. ‘ಎಷ್ಟು ಚೆಂದ ಬರ್ದಿದ್ದೀಯವ್ವ’ ಎಂದು ಎರಡೂ ಕೈಯಲ್ಲಿ ಇಸಿದುಕೊಂಡರು. ವಾರ ಕಳೆದು ನೋಡುತ್ತೇನೆ, ಅದನ್ನು ತ್ರಿಕೋನವಾಗಿ ಕತ್ತರಿಸಿ, ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಲ್ಲಿ ಅಳತೆ ಗುರುತು ಮಾಡುತ್ತಿದ್ದಾರೆ.

“ಇವೆಲ್ಲ ಯಾವಾಗ ಮುಗಿಯೋದು ದೊಡ್ಡಮ್ಮ?”

“ಮುಗೀತವೆ ಬುಡು.”

“ಅದೇ, ಯಾವಾಗ?”

“ಮುಗಿದಾಗ.”

ಎರಡು ವರ್ಷದ ಹಿಂದೆ ಅವರಿಗೆ ಕಣ್ಣಿನ ಪೊರೆ ಬಂದು, ಹಾಸನದಲ್ಲಿ ಆಪರೇಷನ್ ಆಯಿತು. ಮಗಳು ಜೊತೆಗಿದ್ದಳು. ಬೀಗದ ಕೈ ನನ್ನ ಹತ್ತಿರ ಇತ್ತು. ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಗಂಟಿನವರು ಫೋನು ಮಾಡಿದರು. ಅವರ ಮಗಳು ಬಾಣಂತನ ಮುಗಿಸಿ ಮುಂದಿನ ಭಾನುವಾರ ಗಂಡನ ಮನೆಗೆ ಹೊರಡುತ್ತಾಳೆ, ಕೂಸಿನ ಕೌದಿ ಅಷ್ಟರಲ್ಲಿ ಬೇಕು. ದೊಡ್ಡಮ್ಮ ಬಂದರೂ ಸೂಜಿ ಹಿಡಿಯುವಂತಿರಲಿಲ್ಲ. ನಾನೇ ಮುಗಿಸಿಟ್ಟರೆ ಎಷ್ಟು ಸಂತೋಷಪಡುತ್ತಾರೆ ಅಂದುಕೊಂಡೆ.

ಗಂಟು ಬಿಚ್ಚಿದೆ. ಪುಟ್ಟ ಕೌದಿ. ಎಲ್ಲ ಆಗಿತ್ತು, ನಡುವಿನ ಒಂದು ಚೌಕ ಮಾತ್ರ ಖಾಲಿ. ಕೆಂಪು ಬಟ್ಟೆ ಬೇಕೆಂದಿದ್ದು ನೆನಪಾಯಿತು. ಪಕ್ಕದಲ್ಲಿದ್ದ ಅರಕಲಗೂಡಿನ ಗಂಟಿನಲ್ಲಿ ಕೈಯಾಡಿಸಿದಾಗ ಕೆಂಪು ರೇಷ್ಮೆ ಸೀರೆಯೊಂದು ಸಿಕ್ಕಿತು. ಅಷ್ಟು ದೊಡ್ಡ ಸೀರೆಯಲ್ಲಿ ಒಂದು ಗೇಣು ಹೋದರೆ ಏನು ಎಂದುಕೊಂಡು, ಝರಿ ಚೆನ್ನಾಗಿದ್ದ ಕಡೆ ನೋಡಿ ಕತ್ತರಿ ಹಾಕಿದೆ. ಎರಡು ಸಂಜೆ ಕೂತು ಹೊಲಿದು ಮುಗಿಸಿದೆ.

ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ನಾನು ಕೌದಿಯನ್ನು ಅವರ ಮಡಿಲಲ್ಲಿಟ್ಟೆ. ಅವರು ನಗುತ್ತಾ ಅದರ ಮೇಲೆ ಕೈಯಾಡಿಸಿದರು. ನಡುವಿನ ಚೌಕಕ್ಕೆ ಬಂದ ಕೈ ನಿಂತಿತು.

“ಇದೆಲ್ಲಿಂದು?”

“ಅರಕಲಗೂಡಿನ ಗಂಟಲ್ಲಿ ಒಂದು ಕೆಂಪು ಸೀರೆ ಇತ್ತಲ್ಲ...”

“ಸೆರಗು ಕತ್ತರಿಸುದ್ರಾ ನೀವು?”

ಅವರು ನನ್ನನ್ನು ‘ನೀವು’ ಎಂದದ್ದು ಆ ಮೊದಲ ಎರಡು ದಿನ ಬಿಟ್ಟರೆ ಆಗಲೇ. ಬೈದಿದ್ದರೆ ವಾಸಿಯಿತ್ತು.

ಅದು ಧಾರೆ ಸೀರೆ. ಅರಕಲಗೂಡಿನಲ್ಲಿ ಬಸ್ ಡ್ರೈವರ್ ಆಗಿ ರಿಟೈರಾದ ಯಜಮಾನರೊಬ್ಬರು, ತೀರಿಹೋದ ಹೆಂಡತಿಯ ಸೀರೆಗಳಿಂದ ಒಂದು ಕೌದಿ ಹೊಲಿಸುತ್ತಿದ್ದರು. ಧಾರೆ ಸೀರೆಯ ಸೆರಗು ಇಡಿಯಾಗಿ ನಡುವೆ ಬರಬೇಕೆಂಬುದೊಂದೇ ಅವರ ಕೋರಿಕೆ.

ನಾನು ಅಳುತ್ತಾ ಹೇಳಿದೆ, “ಸತ್ತೋರ ಬಟ್ಟೆ ಅಂತ ನಂಗೆ ಗೊತ್ತಿರಲಿಲ್ಲ ದೊಡ್ಡಮ್ಮ.”

“ಸತ್ತೋರದು ಅಂತಲ್ಲ. ಕೇಳ್ದಂಗೆ ತಗಂಡ್ಬುಟ್ರಲ್ಲ, ಅದಕ್ಕೆ.”

ಹೊಲಿಗೆ ಬಿಚ್ಚಿದೆ. ನನ್ನ ತವರಿನಿಂದ ಬಂದಿದ್ದ ಕೆಂಪು ರವಿಕೆ ಬಟ್ಟೆಯನ್ನು ಆ ಚೌಕಕ್ಕೆ ಹಾಕಿ, ಅವರು ಬೆರಳಿನಿಂದ ಮುಟ್ಟಿ ಮುಟ್ಟಿ ಹೇಳಿದ ಹಾಗೆ ಮತ್ತೆ ಹೊಲಿದೆ. ಕೂಸಿನ ಕೌದಿ ಹೊತ್ತಿಗೆ ಸರಿಯಾಗಿ ಹೋಯಿತು. ಆದರೆ ಕತ್ತರಿಸಿದ ಸೆರಗು ಕತ್ತರಿಸಿದ್ದೇ.

ಮಾರನೆಯ ದಿನ ದೊಡ್ಡಮ್ಮ ಸೀರೆಯನ್ನೂ ತುಂಡನ್ನೂ ಚೀಲಕ್ಕೆ ಹಾಕಿ, ‘ನಡೀರಿ’ ಎಂದರು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಫೋನು ಮಾಡೋಣವೆಂದರೆ ಕೇಳಲಿಲ್ಲ. ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿ ಮುಚ್ಚಿಸಿ, ಕನ್ನಡಕದ ಮೇಲೆ ಸೆರಗು ಹೊದ್ದು ಕೂತರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು:

“ಅಲ್ಲಿ ನಾನು ಬಾಯಿ ಬುಡಾಕಿಲ್ಲ. ನೀವೇ ಯೇಳ್ಬೇಕು.”

ಯಜಮಾನರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಕಾಫಿ ತಂದಿಟ್ಟಳು. ನಾನು ಕಾಫಿ ಮುಟ್ಟದೆ, ಆದದ್ದನ್ನೆಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಸೀರೆ ಇಸಿದುಕೊಂಡರು. ತುಂಡನ್ನು ಅದರ ಪಕ್ಕದಲ್ಲಿಟ್ಟು, ಝರಿಯ ಗೆರೆ ಗೆರೆಗೆ ಕೂಡುವ ಹಾಗೆ ಜೋಡಿಸಿದರು.

“ಮದುವೆ ದಿವ್ಸ ಬುಟ್ರೆ ಇದನ್ನ ಉಟ್ಟಿದ್ದೇ ನಾನು ಕಾಣೆ. ಟ್ರಂಕ್ ತಗೆದಾಗೆಲ್ಲ, ‘ಮಡಚಿದ್ದು ಬಿಚ್ಬ್ಯಾಡಿ, ಝರಿ ಓಯ್ತದೆ’ ಅನ್ನೋಳು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅಂತೂ ನೀನಾರೂ ಬಿಚ್ದಲ್ಲ ಬುಡವ್ವ,” ಎಂದು ನಕ್ಕರು. ನಗುತ್ತಾ ಟವೆಲಿನಿಂದ ಮೂಗು ಒರೆಸಿಕೊಂಡರು.

ನಾವು ಏಳುವಾಗ ಧಾರೆ ಸೀರೆಯನ್ನೂ ತುಂಡನ್ನೂ ಮತ್ತೆ ಚೀಲಕ್ಕೆ ಹಾಕಿಕೊಟ್ಟು, ಒಳಗೆ ಹೋಗಿ ಇನ್ನೊಂದು ಸೀರೆ ತಂದರು. ಬಣ್ಣ ಮಾಸಿದ ನೂಲಿನ ಸೀರೆ. “ಇದನ್ನ ಕೊಟ್ಟಿರ್ಲಿಲ್ಲ. ದಿಂಬಿನ ತಾವ ಇಟ್ಕಂಡಿದ್ದೆ. ಸೇರಿಸ್ಬುಡಿ.”

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು:

“ನೋಡ್ದಾ? ಜನ ಬಟ್ಟೆನ ಒಂದೇ ಸಲಕ್ಕೆ ಕೊಡಾಕಿಲ್ಲ ಕಣವ್ವ. ಮನ್ಸು ಒಪ್ಪಿದಂಗೆ ಒಂದೊಂದೇ ಕೊಡ್ತಾರೆ. ನಾನು ಒಂದೇ ಕೌದಿ ಇಡ್ಕಂಡು ಕೂತ್ರೆ, ‘ತತ್ತಾ, ತತ್ತಾ’ ಅಂತ ಅವರ ಜೀವ ತಿನ್ಬೇಕಾಯ್ತದೆ. ಆರು ಇದ್ರೆ ಒಂದು ಕಾಯ್ತದೆ, ಇನ್ನೊಂದು ನಡೀತದೆ.”

ಅವರು ಮತ್ತೆ ‘ಕಣವ್ವ’ ಎಂದರಲ್ಲ, ನನಗೆ ಅದೇ ದೊಡ್ಡದಾಗಿತ್ತು. ಹೊಳೆನರಸೀಪುರ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಅಲ್ಲಿಂದ ಮೇಲೆ ಸ್ಕೂಲು ಮುಗಿಸಿ ಬಂದವಳು ದಿನವೂ ಒಂದು ಗಂಟೆ ಅವರ ಜೊತೆ ಹೊಲಿಯಲು ಕೂತೆ. ಟೀವಿಯಲ್ಲಿ ಧಾರಾವಾಹಿ ಹಾಕಿರುತ್ತಿದ್ದರು, ನೋಡುತ್ತಿರಲಿಲ್ಲ. ಅತ್ತೆಯ ಪಾತ್ರ ಮಾತಾಡಿದರೆ ಮಾತ್ರ ‘ಮುಚ್ಚು ಬಾಯಿ’ ಎಂದು ತಲೆ ಎತ್ತದೆ ಬೈಯುತ್ತಿದ್ದರು. ನನ್ನ ಹೊಲಿಗೆ ಸೊಟ್ಟಗಾದರೆ ಬಿಚ್ಚಿಸುತ್ತಿರಲಿಲ್ಲ. ‘ಇರ್ಲಿ, ನೀನು ಹೊಲ್ದಿದ್ದು ಅಂತ ಗೊತ್ತಾಗ್ಲಿ’ ಎನ್ನುತ್ತಿದ್ದರು. ಆದರೆ ಅಂಚು ಮಡಚುವುದರಲ್ಲಿ ಮಾತ್ರ ಬಿಡುತ್ತಿರಲಿಲ್ಲ. ನಾಲ್ಕು ಮೂಲೆಯೂ ಅವರ ಕಣ್ಣಿಗೆ ಸರಿ ಕಾಣುವವರೆಗೂ ಏಳುವಂತಿರಲಿಲ್ಲ. ಕೌದಿಗಳು ಮುಗಿಯುತ್ತಿದ್ದವು. ಒಂದು ಮುಗಿದರೆ ಇನ್ನೊಂದು ಗಂಟು ಬರುತ್ತಿತ್ತು. ಅರಕಲಗೂಡಿನದು ಮಾತ್ರ ನಿಧಾನ. ಯಜಮಾನರು ನಾಲ್ಕೈದು ತಿಂಗಳಿಗೊಂದು ಸೀರೆ ಸೊಸೆಯ ಕೈಲಿ ಕಳಿಸುತ್ತಿದ್ದರು.

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ದೊಡ್ಡಮ್ಮ ಮುದ್ದೆ ಉಂಡು, ‘ಒಂದು ಗಳಿಗೆ ಅಡ್ಡಾಗ್ತೀನಿ’ ಎಂದು ಪಕ್ಕದ ಮನೆಯವರಿಗೆ ಹೇಳಿ ಮಲಗಿದವರು ಏಳಲಿಲ್ಲ. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಬೀದಿಯ ತುಂಬ ಜನ.

ತಿಥಿ ಮುಗಿದ ಮೇಲೆ ಮಗಳು ಗಂಟುಗಳ ಮುಂದೆ ನಿಂತು, “ಇವನ್ನೇನು ಮಾಡದು ಅಕ್ಕ?” ಎಂದಳು. ಅವರವರದು ಅವರವರಿಗೆ ಸೇರಬೇಕು, ನಾನು ಕೊಟ್ಟು ಬರುತ್ತೇನೆ ಎಂದೆ. ಭಾನುವಾರಕ್ಕೊಂದರಂತೆ ಹೊತ್ತುಕೊಂಡು ಹೋದೆ. ಹಳ್ಳಿಮೈಸೂರಿನಿಂದ ಈಚೆಗೆ ಹೊಸ ಗಂಟು ತಂದುಕೊಟ್ಟಿದ್ದಾಕೆ ಅದನ್ನು ಎದೆಗೊತ್ತಿಕೊಂಡು, ‘ಉಳಿದದ್ದ ನಾನೇ ಕೈಯಾರ ಹೊಲ್ಕತೀನಿ’ ಎಂದಳು. ಕೊನೆಗೆ ಉಳಿದದ್ದು ಅರಕಲಗೂಡು.

ಯಜಮಾನರು ಮೊದಲಿಗಿಂತ ಬಗ್ಗಿದ್ದರು. ಕೌದಿಯನ್ನು ಜಗಲಿಯ ಮೇಲೆ ಹಾಸಿದೆ. ಸರಿಯಾಗಿ ಅರ್ಧ ಆಗಿತ್ತು. ಕೂಡಿಸಿ ಹೊಲಿದ ಧಾರೆ ಸೀರೆಯ ಸೆರಗು ನಡುವೆ ಬರಬೇಕಿದ್ದದ್ದು ಈಗ ಒಂದು ಅಂಚಿನಲ್ಲಿತ್ತು.

“ಉಳಿದರ್ಧ ನಾನು ಹೊಲಿದುಕೊಡ್ತೀನಿ. ಸ್ವಲ್ಪ ದಿನ ಆಗುತ್ತೆ, ಅವರಷ್ಟು ಚೆನ್ನಾಗಿ ಬರಲ್ಲ,” ಎಂದೆ.

ಅವರು ಕೌದಿಯನ್ನೆತ್ತಿ ಹೆಗಲ ಮೇಲೆ ಹೊದ್ದು ನೋಡಿದರು. ಎದೆಯವರೆಗೂ ಬಂತು.

“ಬ್ಯಾಡ ಬುಡವ್ವ. ನಾವಿಬ್ರೂ ಇದ್ದಿದ್ರೆ ಇಡೀದು ಬೇಕಾಗಿತ್ತು. ಒಬ್ನಿಗೆ ಇಷ್ಟು ಸಾಕು. ಅಂಚು ಮಾತ್ರ ಮಡಚ್ಕೊಟ್ಬುಡು, ನೂಲು ಬಿಟ್ಕತದೆ.”

ಸೊಸೆ ಸೂಜಿ ದಾರ ತಂದುಕೊಟ್ಟಳು. ಅವರು ಹೊದ್ದದ್ದನ್ನು ತೆಗೆಯಲಿಲ್ಲ. ನಾನು ಪಕ್ಕದಲ್ಲಿ ಕೂತು, ಅವರ ಮೈಮೇಲಿದ್ದ ಹಾಗೆಯೇ, ದೊಡ್ಡಮ್ಮ ಕಲಿಸಿದಂತೆ ಒಂದು ಮೂಲೆಯಿಂದ ಮಡಚುತ್ತಾ ಬಂದೆ. ನಾನು ಹಿಡಿಯಬೇಕಿದ್ದ ಮೂರು ಗಂಟೆಯ ಬಸ್ಸು ಹೋದದ್ದು ಕೇಳಿಸಿತು. ಇನ್ನೂ ಎರಡು ಮೂಲೆ ಉಳಿದಿದ್ದವು.