ಲಾಂಡ್ರಿ ರೂಮಿನ ದೆವ್ವ ಕೊಟ್ಟ ಕೆಲಸ

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಗ್ರೋಸರಿಯಲ್ಲಿ, ದುಡ್ಡು ಕೊಡಲು ಸಾಲು ನಿಲ್ಲುವ ಕಡೆ, ಅಗ್ಗದ ಪುಸ್ತಕಗಳ ಒಂದು ತಂತಿ ಸ್ಟ್ಯಾಂಡಿತ್ತು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅದರ ತುಂಬ ದೆವ್ವದ ಕಾದಂಬರಿಗಳೇ. ಹಾಲು, ಬ್ರೆಡ್ಡಿನ ಜೊತೆ ನಾನೂ ಒಂದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದೆ. ಹೇವರ್ಡಿನ ಗೋದಾಮೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಹೋಗಿಬರುವ ಟ್ರೇನಿನಲ್ಲಿ ಅವನ್ನು ಓದಿ ಮುಗಿಸುತ್ತಿದ್ದೆ. ಹಾಗೆ ಓದುತ್ತ ಓದುತ್ತ, ಇಂಥದ್ದನ್ನು ನಾನೂ ಬರೆಯಬಲ್ಲೆ ಅನ್ನಿಸಿತು. ಇಂಗ್ಲಿಷಿನಲ್ಲಿ ಬರೆಯತೊಡಗಿದೆ.

ಮೊದಮೊದಲು ಬರೆದದ್ದೆಲ್ಲ ಹಿಮದಲ್ಲಿ ಹೂತ ಕೋಟೆ, ಊಳಿಡುವ ತೋಳ, ಬಾಯ್ತೆರೆದ ಗೋರಿ. ಕೋಟೆಯೊಳಗೆ ನಾನು ಕಾಲಿಟ್ಟವಳಲ್ಲ, ತೋಳದ ದನಿ ಕೇಳಿದವಳೂ ಅಲ್ಲ. ನ್ಯೂಯಾರ್ಕಿನ ಪ್ರಕಾಶಕರು ಒಂದೊಂದನ್ನೂ ಮರ್ಯಾದೆಯಿಂದಲೇ ವಾಪಸು ಕಳಿಸಿದರು.

ಅಷ್ಟರಲ್ಲಿ ಹಾಸನದಿಂದ ಅತ್ತೆ ಬಂದರು. ನಾನು ಏನು ಬರೆಯುತ್ತೇನೆಂದು ಯಜಮಾನರು ಅವರಿಗೆ ಹೇಳಿಬಿಟ್ಟಿದ್ದರು. ದೀಪ ಹಚ್ಚುವ ಮನೆಯಲ್ಲಿ ದೆವ್ವದ ಮಾತೇಕೆ ಎಂದು ಅತ್ತೆ ಒಂದಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಆದರೆ ಕುತೂಹಲ ಬಿಡಬೇಕಲ್ಲ. ಒಂದು ಶನಿವಾರ ಮಧ್ಯಾಹ್ನ ಬಟಾಣಿ ಬಿಡಿಸುತ್ತ, ಅದೇನು ಕತೆಯೋ ಹೇಳು ಎಂದರು. ಕೋಟೆಯ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಅವರ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ.

"ಅಷ್ಟು ದೊಡ್ಡ ಪಾಳು ಮನೇಲಿ ದೆವ್ವ ಇರ್ದೆ ಇನ್ನೇನಿರುತ್ತೆ?" ಎಂದರು. "ನಮ್ಮಂಥೋರ ಮನೆಗೆ ಬರ್ಲಿ. ಆಗ ಹೆದ್ರಿಕೆ."

ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದ್ದಾಗಲೇ ಬಟ್ಟೆ ಒಗೆಯಲು ಕೆಳಗಿಳಿದೆ. ಇಡೀ ಕಟ್ಟಡಕ್ಕೆ ನೆಲಮಹಡಿಯಲ್ಲಿ ಒಂದೇ ಲಾಂಡ್ರಿ ರೂಮು. ಒಗೆದ ಬಟ್ಟೆ ಹೊರಗೆ ತೆಗೆಯುವಾಗ ನಮ್ಮವುಗಳ ನಡುವೆ ಒಂದು ಪುಟ್ಟ ಹಳದಿ ಫ್ರಾಕು ಬಂತು. ನಮಗಿನ್ನೂ ಮಕ್ಕಳಿರಲಿಲ್ಲ. ಯಾರೋ ಮಿಷನ್ನಿನಲ್ಲೇ ಮರೆತದ್ದು, ಅಷ್ಟೇ. ಅದನ್ನು ಅಲ್ಲೇ ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದೆ. ಬಾಗಿಲು ಮುಟ್ಟುವಷ್ಟರಲ್ಲಿ ಕತೆ ಸಿಕ್ಕಿತ್ತು.

ಬುಟ್ಟಿ ಇಳಿಸಿ ನಿಂತಲ್ಲೇ ಅತ್ತೆಗೆ ಹೇಳಿದೆ. ಮಕ್ಕಳಿಲ್ಲದ ಒಬ್ಬ ಹೆಂಗಸು. ಪ್ರತಿ ವಾರ ಅವಳು ಒಗೆದ ಬಟ್ಟೆಗಳ ನಡುವೆ ಒಂದು ಮಗುವಿನ ಬಟ್ಟೆ ಸಿಗುತ್ತದೆ. ಯಾರದೆಂದು ಗೊತ್ತಿಲ್ಲ. ವಾರದಿಂದ ವಾರಕ್ಕೆ ಅದರ ಅಳತೆ ದೊಡ್ಡದಾಗುತ್ತ ಹೋಗುತ್ತದೆ.

ಇನ್ನೂ ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ ಹೇಳಿದರು: "ಬೇರೆ ಬಟ್ಟೆ ಎಲ್ಲ ಒದ್ದೆ ಇರ್ತವಲ್ಲ, ಅದೊಂದು ಒಣಗಿರ್ಬೇಕು ಕಣಮ್ಮ. ಮುಟ್ಟಿದ್ರೆ ಬೆಚ್ಚಗಿರ್ಬೇಕು. ಈಗ್ತಾನೆ ಯಾರೋ ಮೈಯಿಂದ ಬಿಚ್ಚಿಟ್ಟ ಹಾಗೆ."

ನನ್ನ ಮೈಮೇಲಿನ ಕೂದಲು ನಿಮಿರಿತು. ಖುಷಿಗೆ ಜೋರಾಗಿ ನಕ್ಕುಬಿಟ್ಟೆ.

ಅಂದಿನಿಂದ ಪ್ರತಿ ಅಧ್ಯಾಯವನ್ನೂ ಮೊದಲು ಅಡುಗೆಮನೆಯಲ್ಲಿ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡತೊಡಗಿದೆ. ಅತ್ತೆ ಒಗ್ಗರಣೆ ಹಾಕುತ್ತಲೇ "ಹೂಂ, ಆಮೇಲೆ?" ಎಂದರೆ ಆ ಭಾಗ ಕಸದ ಬುಟ್ಟಿಗೆ. ಸೌಟು ಗಾಳಿಯಲ್ಲೇ ನಿಂತರೆ ಗೆದ್ದೆ. ಅರ್ಧ ಪುಸ್ತಕ ಆಗುವ ಹೊತ್ತಿಗೆ ಅವರು ಹಗಲಿನಲ್ಲೂ ಲಾಂಡ್ರಿ ರೂಮಿಗೆ ಒಬ್ಬರೇ ಇಳಿಯುತ್ತಿರಲಿಲ್ಲ. ಯಜಮಾನರು ಅದಕ್ಕೆ ತಮಾಷೆ ಮಾಡಿ, ತಾವೇ ಬುಟ್ಟಿ ಹಿಡಿದು ಹೋದರು. ವಾಪಸು ಬಂದವರು ಒಂದು ಟವೆಲ್ಲು ಎತ್ತಿ ತೋರಿಸಿ, ಇದು ನಮ್ಮದೇ ತಾನೆ ಎಂದು ಮೆಲ್ಲಗೆ ಕೇಳಿದರು. ಯಾವ ಹೊಗಳಿಕೆಯೂ ನನ್ನನ್ನು ಅಷ್ಟು ಉಬ್ಬಿಸಿದ್ದಿಲ್ಲ.

ಕಾದಂಬರಿ ಕಳಿಸಿ ಕೆಲವು ತಿಂಗಳಾಗಿತ್ತು. ಒಂದು ಬೆಳಗ್ಗೆ ಊಟದ ಡಬ್ಬಿ ಕಟ್ಟುತ್ತಿದ್ದಾಗ ಫೋನು ಬಂತು. ನ್ಯೂಯಾರ್ಕಿನಿಂದ ಒಬ್ಬ ಸಂಪಾದಕಿ. ಪುಸ್ತಕ ಓದಿದ ಮೇಲೆ ತನ್ನ ಕಟ್ಟಡದ ಮಿಷನ್ನಿಗೆ ಬಟ್ಟೆ ಹಾಕಲು ಮನಸ್ಸಾಗದೆ ಅಕ್ಕನ ಮನೆಗೆ ಒಯ್ದಳಂತೆ. ಇದನ್ನು ಪ್ರಕಟಿಸುತ್ತೇವೆ, ಇನ್ನೆರಡು ಬರೆದುಕೊಡುತ್ತೀರಾ, ಮುಂಗಡ ಹಣ ಕಳಿಸುತ್ತೇವೆ ಎಂದಳು. ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ಒಲೆಯ ಮೇಲಿನ ಉಪ್ಪಿಟ್ಟು ತಳ ಹತ್ತಿದ್ದು ನೆನಪಿದೆ.

ಅದೇ ವಾರ, ಸಾಂಟಾ ಕ್ಲಾರಾದಲ್ಲಿ ಯಜಮಾನರಿದ್ದ ಚಿಪ್ ಕಂಪನಿ ಒಂದಿಡೀ ವಿಭಾಗವನ್ನೇ ಮುಚ್ಚಿತು. ಅವರು ಮಧ್ಯಾಹ್ನವೇ ಒಂದು ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದರು. ನಾನೋ, ಟೈಪಿಸ್ಟ್ ಕೆಲಸ ಬಿಡಲು ಮನಸ್ಸು ಮಾಡಿದ್ದೆ. ಒಪ್ಪಿಕೊಂಡ ಪುಸ್ತಕಗಳನ್ನು ಟ್ರೇನಿನಲ್ಲಿ ಕೂತು ಬರೆಯಲಾಗುತ್ತಿರಲಿಲ್ಲ. ಪರಿಚಯದವರೆಲ್ಲ, ಇದ್ದ ಒಂದು ಸಂಬಳವನ್ನೂ ಕಳೆದುಕೊಳ್ಳಬೇಡ ಎಂದು ಬುದ್ಧಿ ಹೇಳಿದರು.

"ಇಬ್ರೂ ಮನೇಲಿ ಕೂತ್ರೆ ಹೇಗೆ?" ಎಂದರು ಯಜಮಾನರು.

"ನಾನು ಕೂರ್ತಿಲ್ಲ ರೀ. ಕೆಲಸಕ್ಕೇ ಹೋಗ್ತಿದೀನಿ. ಆ ಮೇಜಿಗೆ."

ಅವರು ಊಟದ ಮೇಜಿನ ಕಡೆ ನೋಡಿದರು. ಆಮೇಲೆ ಎದ್ದು, ಬೆಳಕು ಚೆನ್ನಾಗಿ ಬರಲಿ ಎಂದು ಅದನ್ನು ಕಿಟಕಿಯ ಹತ್ತಿರಕ್ಕೆ ಎಳೆದರು. ಟೈಪ್‌ರೈಟರನ್ನೂ ತಾವೇ ಎತ್ತಿಟ್ಟರು. ಮಾರನೆಯ ದಿನ ನಾನು ರಾಜೀನಾಮೆ ಕೊಟ್ಟೆ. ಅವರಿಗೆ ಬೇರೆ ಕೆಲಸ ಸಿಗುವವರೆಗೆ ಮನೆ ನಡೆದದ್ದು ಆ ಮೇಜಿನಿಂದಲೇ.

ನಾನು ಕೆಲಸ ಬಿಟ್ಟ ಮರುವಾರ ಅತ್ತೆ ಊರಿಗೆ ಹೊರಟರು. ಅವತ್ತು ಏರ್‌ಪೋರ್ಟಿಗೆ ಹೋಗುವಾಗ ಫ್ರೀವೇಯಲ್ಲಿ ಕಾರುಗಳು ಇಂಚಿಂಚೇ ತೆವಳುತ್ತಿದ್ದವು. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಪಕ್ಕದ ಕಾರಲ್ಲಿ ಹಿಂದೆ ಕೂತಿರೋ ಅಜ್ಜಿ," ಎಂದರು, "ನಮ್ಮನೆ ಹತ್ರದಿಂದ್ಲೂ ನನ್ನನ್ನೇ ನೋಡ್ತಾ ಬರ್ತಿದಾಳೆ."

ತಿರುಗಿ ನೋಡಿದೆ. ಆ ಕಾರಿನಲ್ಲಿ ಓಡಿಸುವವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೆಚ್ಚಿ ಅತ್ತೆಯ ಮುಖ ನೋಡಿದರೆ, ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರನ್ನು ವಿಮಾನ ಹತ್ತಿಸಿ ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಮೇಜಿಗೆ ಕೂತು, ಎರಡನೆಯ ಕಾದಂಬರಿಯ ಮೊದಲ ಪುಟ ಟೈಪು ಮಾಡಿದೆ.